ಹೂಂ ಎನ್ನುವ ದನಿ

ನಾನು ದುಬೈಯ ಅಲ್ ನಹ್ದಾದಲ್ಲಿರುವ ಒಂದು ಶಾಲೆಯ ಲೈಬ್ರರಿಯನ್. ಹದಿನಾಲ್ಕು ವರ್ಷಗಳಿಂದ ಅದೇ ಮೇಜು, ಅದೇ ಕುರ್ಚಿ. ನನ್ನ ರಿಜಿಸ್ಟರಿನಲ್ಲಿ ಚಿತ್ತುಕಾಟು ಇರುವುದಿಲ್ಲ ಎಂಬ ಜಂಬ ಮೊದಲಿನಿಂದಲೂ ನನಗಿದೆ. ಮುಂದೆ ಹೇಳುವುದೆಲ್ಲ ಆದದ್ದು ಆ ಜಂಬದಿಂದಲೇ, ಹಾಗಾಗಿ ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ವರ್ಷ ನಮ್ಮ ಪ್ರಿನ್ಸಿಪಾಲರಿಗೆ ಒಂದು ಹುಕಿ ಬಂತು. ಲೈಬ್ರರಿಯವರು ವಾರಕ್ಕೊಂದು ಹೊಸ ವೆಬ್‌ಸೈಟನ್ನೋ ಆನ್‌ಲೈನ್ ಟೂಲನ್ನೋ ಬಳಸಿ ನೋಡಬೇಕು, ಗುರುವಾರದೊಳಗೆ ಒಂದು ಪುಟ ಅನಿಸಿಕೆ ಬರೆದು ಕಳಿಸಬೇಕು. ಲೈಬ್ರರಿಯವರು ಎಂದರೆ ಇಬ್ಬರೇ. ನಾನು ಮತ್ತು ಅಟೆಂಡರ್ ಕಾಕ. ಅವರು ಬಂಟ್ವಾಳದ ಕಡೆಯ ಬ್ಯಾರಿ, ವಯಸ್ಸು ಐವತ್ತು ದಾಟಿತ್ತು. ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ ಐದು ಜನರೊಂದಿಗೆ ಒಂದು ರೂಮಿನಲ್ಲಿದ್ದು ಎರಡು ಬಸ್ಸು ಹಿಡಿದು ಬರುತ್ತಿದ್ದರು. ಇಡೀ ಶಾಲೆ ಅವರನ್ನು ಕಾಕ ಎಂದೇ ಕರೆಯುತ್ತಿತ್ತು. ವಾರದ ಟೂಲಿನ ವಿಷಯ ಕೇಳಿ ಅವರು, “ನೀವೇ ನೋಡಿ ಮೇಡಂ. ನನ್ಗೆ ಪುಸ್ತಕ ಮುಟ್ಟಿ ನೋಡಿದ್ರೆ ಮಾತ್ರ ಉಂಟಾ ಇಲ್ವಾ ಗೊತ್ತಾಗುದು” ಎಂದಿದ್ದರು.

ಮೊದಲ ವಾರಗಳಲ್ಲೇ ಪುಸ್ತಕಗಳ ವಾರ್ಷಿಕ ತಪಾಸಣೆ ಬಂತು. ಕಪಾಟಿನ ಸಾಲಿನಂತೆ ಮುದ್ರಿಸಿದ ಪಟ್ಟಿ ಹಿಡಿದು ನಾನು ಮೇಜಿನಲ್ಲಿ ಕೂರುತ್ತೇನೆ, ಕಾಕ ಕಪಾಟುಗಳ ನಡುವೆ ನಿಲ್ಲುತ್ತಾರೆ. ನಾನು ನಂಬರು ಕೂಗಿದರೆ ಅವರು ಪುಸ್ತಕದ ಬೆನ್ನು ಮುಟ್ಟಿ “ಉಂಟು” ಎನ್ನಬೇಕು, ಸಿಗದಿದ್ದರೆ “ಇಲ್ಲ”. ಉಂಟು ಎಂದರೆ ಮಾತ್ರ ನಾನು ಟಿಕ್ ಗುರುತು ಹಾಕಬೇಕು. ಹಿಂದಿ, ಇಂಗ್ಲಿಷು, ಅರಬ್ಬಿ ತುಂಬಿದ ಆ ಕಟ್ಟಡದಲ್ಲಿ ಮೂರು ದಿನ ಮನಸಾರೆ ಕನ್ನಡದಲ್ಲಿ ಕೂಗಾಡಬಹುದಾದ ಏಕೈಕ ಸಂದರ್ಭ ಅದು. ಆ ವಾರದ ನನ್ನ ಟೂಲು, ಹೇಳಿದ್ದನ್ನು ತಾನೇ ಬರೆದುಕೊಳ್ಳುವಂಥದ್ದು. ಫೋನನ್ನು ಮೇಜಿನ ಮೇಲಿಟ್ಟು ಅದನ್ನು ಚಾಲೂ ಮಾಡಿದೆ. ನಮ್ಮ ಕರಾವಳಿಯ ಕನ್ನಡ ಅದಕ್ಕೆ ಒಂದು ಚೂರೂ ಹಿಡಿಸಲಿಲ್ಲ, ಬರೆದದ್ದೆಲ್ಲ ಹುಚ್ಚುಚ್ಚು. ಅನಿಸಿಕೆಯ ಪುಟದಲ್ಲಿ ಅದಕ್ಕೆ ಚೆನ್ನಾಗಿ ಬೈದೆ. ಅದು ಮೂರೂ ದಿನಗಳ ಧ್ವನಿಯನ್ನು ಉಳಿಸಿಕೊಂಡಿದೆ ಎಂಬುದನ್ನು ಮರೆತೇಬಿಟ್ಟೆ.

ರಜೆ ಮುಗಿದ ಮೇಲೆ ಹೊರಗಿನಿಂದ ಪರಿಶೀಲನೆಗೆ ಬಂದವರು ಪಟ್ಟಿಯಿಂದ ಕೆಲವು ಪುಸ್ತಕಗಳನ್ನು ಹೆಸರಿಸಿ ತೋರಿಸಿ ಎಂದರು. ಹನ್ನೊಂದು ಸಿಗಲಿಲ್ಲ. ಹನ್ನೊಂದರ ಮುಂದೆಯೂ ನನ್ನ ಟಿಕ್ ಗುರುತು ಇತ್ತು.

“ನಾನು ಇಲ್ಲ ಅಂತ ಹೇಳಿದ್ದೆ ಮೇಡಂ” ಎಂದರು ಕಾಕ.

“ಇಲ್ಲ ಅಂದಿದ್ರೆ ನಾನ್ಯಾಕೆ ಟಿಕ್ ಹಾಕ್ತಿದ್ದೆ ಕಾಕ? ಆ ಮೂಲೆಯಲ್ಲಿ ನಿಂತು ಸುಮ್ನೆ ಉಂಟು ಉಂಟು ಅಂದಿರ್ತೀರಿ.”

ಕಾಕ ನೋಡದೆಯೇ ಪುಸ್ತಕ ಇದೆ ಎಂದು ಸುಳ್ಳು ಹೇಳಿದವರು ಎಂಬ ಮಾತು ಆಫೀಸಿನ ಕಡತಕ್ಕೆ ಹೋಯಿತು. ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ, ವೀಸಾ ಕ್ಯಾನ್ಸಲ್ ಆಯಿತು, ಕಾಕ ಊರಿಗೆ ಹೋದರು. ಹೋಗುವ ದಿನ ಕಪಾಟುಗಳ ಧೂಳು ಒರೆಸಿಯೇ ಹೋದರು. ನನಗೆ ಬೇಜಾರಾಗಿತ್ತು, ಆದರೆ ನಾನು ತಪ್ಪು ಮಾಡಿದ್ದೇನೆ ಎಂದು ಒಂದು ಗಳಿಗೆಯೂ ಅನಿಸಲಿಲ್ಲ.

ಆಮೇಲೂ ಗುರುವಾರದ ಪುಟವನ್ನು ನಾನು ಬರೆಯುತ್ತಲೇ ಇದ್ದೆ. ಮಧ್ಯಾಹ್ನ ಶಾಲೆಯ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಲೈಬ್ರರಿಯಲ್ಲಿ ಏಸಿಯ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಹೊರಗೆ ಕಣ್ಣು ಚುಚ್ಚುವ ಬಿಸಿಲು, ಎದುರಿನ ಕಟ್ಟಡದ ನೂರಾರು ಕಿಟಕಿಗಳಲ್ಲಿ ಒಂದು ತಲೆಯೂ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ, ಕೇಳಿದ್ದಕ್ಕೆಲ್ಲ ಉತ್ತರಿಸುವ ಒಂದು ಟೂಲಿನ ಬಳಿ ಮರುಭೂಮಿಯ ಬಗ್ಗೆ ಮಕ್ಕಳ ಪುಸ್ತಕಗಳನ್ನು ಹೇಳು ಎಂದೆ. ಹತ್ತು ಹೆಸರು ಕೊಟ್ಟಿತು. ಬರೆದವರು, ಪುಟಗಳು, ಮುಖಪುಟದಲ್ಲಿ ಒಂಟೆಯ ಚಿತ್ರ ಇದೆ ಎಂಬುದು ಕೂಡ. ಅದರಲ್ಲಿ ಆರನ್ನು ಒಂದು ಇಡೀ ಮಧ್ಯಾಹ್ನ ಹುಡುಕಿದೆ. ಪ್ರಪಂಚದ ಯಾವ ಕ್ಯಾಟಲಾಗಿನಲ್ಲೂ ಅವು ಇಲ್ಲ. ಯಾರೂ ಬರೆಯದ ಪುಸ್ತಕದ ಒಂಟೆ ನನ್ನ ಕಣ್ಣಿಗೆ ಮಾತ್ರ ಕಟ್ಟಿಬಿಟ್ಟಿತ್ತು. “ಇಲ್ಲದ ಪುಸ್ತಕವನ್ನು ನಾಚಿಕೆಯಿಲ್ಲದೆ ಇದೆ ಎನ್ನುತ್ತದೆ, ನಂಬಬಾರದು” ಎಂದು ಪುಟ ಬರೆದು ಕಳಿಸಿದೆ.

ಇನ್ನೊಂದು ವಾರ, ವೆಬ್‌ಸೈಟುಗಳ ಹಳೆಯ ರೂಪಗಳನ್ನು ಕಾಪಿಟ್ಟುಕೊಳ್ಳುವ ಒಂದು ತಾಣಕ್ಕೆ ಹೋದೆ. ಅದರಲ್ಲಿ ನಮ್ಮ ಶಾಲೆಯ ಪುಟವನ್ನೇ ಹುಡುಕಿದೆ. ಹಿಂದಿನ ವರ್ಷದ ಫೋಟೋದಲ್ಲಿ ನಾನು, ಪಕ್ಕದಲ್ಲಿ ಪುಸ್ತಕದ ಟ್ರಾಲಿ ಹಿಡಿದ ಕಾಕ. ಅದೇ ಫೋಟೋ ಈಗಿನ ಪುಟದಲ್ಲೂ ಇದೆ, ಕಾಕ ಇರುವ ಭಾಗವನ್ನು ಮಾತ್ರ ಕತ್ತರಿಸಿದ್ದಾರೆ. ಕತ್ತರಿಸಿದವರು ಸರಿಯಾಗಿ ನೋಡಲಿಲ್ಲ. ಟ್ರಾಲಿಯ ಹಿಡಿಯ ಮೇಲೆ ನಾಲ್ಕು ಬೆರಳು ಉಳಿದುಬಿಟ್ಟಿವೆ. ಅಷ್ಟು ದಿನ ಆ ಪುಟವನ್ನು ನೂರು ಸಲ ತೆರೆದಿದ್ದರೂ ನನ್ನ ಕಣ್ಣಿಗೆ ಅವು ಬಿದ್ದಿರಲಿಲ್ಲ. ಎದ್ದು ಹೋಗಿ ಟ್ರಾಲಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಕೆಲವು ದಿನಗಳಲ್ಲಿ ಕಾಕನ ವಾಯ್ಸ್ ಮೆಸೇಜು ಬಂತು. “ಮೇಡಂ, ಅಬುಧಾಬಿಯಲ್ಲಿ ಒಂದು ಶಾಲೆಯ ಲೈಬ್ರರಿಗೆ ಜನ ಬೇಕಂತೆ. ನನ್ನ ತಂಗಿ ಮಗ ಮಾತಾಡಿದ್ದಾನೆ. ನಮ್ಮ ಶಾಲೆಯಿಂದ ಒಂದು ಒಳ್ಳೆ ಕಾಗದ ಬೇಕು ಅಂತ ಹೇಳ್ತಾರೆ. ಈ ಗುರುವಾರ ಅಲ್ಲ, ಮುಂದಿನ ಗುರುವಾರದೊಳಗೆ. ಇಲ್ದಿದ್ರೆ ಬೇರೆಯವ್ರನ್ನು ತಗೊಳ್ತಾರಂತೆ. ಈ ಪ್ರಾಯದಲ್ಲಿ ನನ್ನನ್ನು ಇನ್ಯಾರು ಕರೀತಾರೆ?”

ಪ್ರಿನ್ಸಿಪಾಲರಲ್ಲಿಗೆ ಹೋದೆ. ಕಡತ ತೆಗೆದು ನೋಡಿ ಅವರು, “ಸುಳ್ಳು ಹೇಳಿದವರು ಅಂತ ಇಲ್ಲಿ ಬರೆದಿದೆ. ಬರೆಸಿದ್ದು ನಿಮ್ಮ ರಿಜಿಸ್ಟರು. ಅದು ತಪ್ಪು ಅಂತ ನೀವು ಬರೆದುಕೊಟ್ಟರೆ ನಾನು ಸಹಿ ಹಾಕುತ್ತೇನೆ” ಎಂದರು. ನನ್ನ ರಿಜಿಸ್ಟರು ತಪ್ಪು ಎಂದು ನಾನು ಬರೆಯುವುದೇ? ಕಾಕನಿಗೆ “ನೋಡುವಾ” ಎಂದಷ್ಟೇ ಬರೆದು ಕಳಿಸಿ ಸುಮ್ಮನಾದೆ. ಹಾಗೇ ಒಂದು ವಾರ ಕಳೆಯಿತು.

ಆ ವಾರದ ಟೂಲು, ನಮ್ಮ ದನಿಯನ್ನು ಕಲಿತುಕೊಂಡು ನಮ್ಮ ಹಾಗೆಯೇ ಕಥೆ ಓದುವಂಥದ್ದು. ನನಗೆ ಗಂಟಲು ಕೆಟ್ಟಿತ್ತು, ಕೆ.ಜಿ. ಮಕ್ಕಳ ಕಥೆಯ ಪೀರಿಯಡ್ಡಿಗೆ ಅನುಕೂಲವಾದೀತು ಎಂದುಕೊಂಡೆ. ಅದು ಸಾಕಷ್ಟು ಉದ್ದದ ಮಾತು ಕೇಳಿತು. ಕುಳಿತು ಮಾತಾಡಲು ಯಾರಿಗೆ ವ್ಯವಧಾನ? ಆಗ ತಪಾಸಣೆಯ ಆ ಮೂರು ದಿನಗಳ ಧ್ವನಿ ನೆನಪಾಯಿತು. ಕೇಳಿ ಕೂಡ ನೋಡದೆ ಅಷ್ಟನ್ನೂ ಅದರ ಬಾಯಿಗೆ ಹಾಕಿದೆ.

ಮಂಗಳವಾರ ಬೆಳಿಗ್ಗೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಆನೆಯ ಕಥೆಯೊಂದನ್ನು ಕೊಟ್ಟೆ. ಓದತೊಡಗಿತು. ನನ್ನದೇ ದನಿ, ನನ್ನದೇ ಉಡುಪಿಯ ಇಂಗ್ಲಿಷು, ಆದರೆ ಪ್ರತಿ ವಾಕ್ಯವನ್ನೂ ನಂಬರು ಕೂಗಿದಂತೆ ಕೂಗುತ್ತಿತ್ತು. ವಾಕ್ಯ ಮುಗಿದಾಗಲೆಲ್ಲ ನಿಲ್ಲುತ್ತಿತ್ತು. ಉಸಿರಿಗೆಂದು ನಿಂತದ್ದಲ್ಲ, ಯಾರೋ ಉತ್ತರ ಕೊಡಲಿ ಎಂದು ನಿಂತದ್ದು. ಆನೆ ನದಿಗೆ ಹೋಯಿತು, ಮೌನ. ನದಿಯಲ್ಲಿ ನೀರಿರಲಿಲ್ಲ, ಮೌನ. ಆ ಮೌನದ ಕೊನೆಗೆ, ಮೆಲ್ಲಗೆ, “ಹೂಂ”.

ಇಂಗ್ಲಿಷ್ ಕಥೆಯ ನಡುವೆ ನಮ್ಮ ಮನೆಯ ಹೂಂ. ಮಕ್ಕಳು ಗಲಾಟೆ ನಿಲ್ಲಿಸಿದವು. ಮತ್ತೆ ಎರಡು ವಾಕ್ಯ, ಮತ್ತೆ ಹೂಂ. ಮುಂದೆ ಕುಳಿತಿದ್ದ ಒಂದು ಪುಟ್ಟ ಹುಡುಗಿ ಹಿಂತಿರುಗಿ ಕಪಾಟುಗಳ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿ, “ಮಿಸ್, ಹೂ ಈಸ್ ಶೀ ಟಾಕಿಂಗ್ ಟು?” ಎಂದಳು. ಅವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆ? ದನಿ ನನ್ನದು, ಆದರೂ ಮಗು ‘ಅವಳು’ ಎಂದಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ತಪಾಸಣೆ ಮಾಡುವಾಗ ನಾನು ಹೂಂ ಎನ್ನುವವಳಲ್ಲ. ನಂಬರು ಕೂಗುತ್ತೇನೆ, ಗುರುತು ಹಾಕುತ್ತೇನೆ, ಅಷ್ಟೆ. ಯಾರಾದರೂ ಕೇಳಿದ್ದರೆ ಹಾಗೆಂದೇ ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಹಾಗಾದರೆ ಅದು ಈ ಹೂಂ ಅನ್ನು ಎಲ್ಲಿಂದ ಕಲಿಯಿತು?

ಮಕ್ಕಳು ಹೋದ ಮೇಲೆ ಬಾಗಿಲು ಹಾಕಿ, ಮೂಲ ಧ್ವನಿಯನ್ನು ತೆರೆದೆ. ಪಟ್ಟಿಯನ್ನೂ ಎದುರಿಗಿಟ್ಟುಕೊಂಡೆ. ನಾನು ಕೂಗುತ್ತಿದ್ದೇನೆ, “ನಾಲ್ಕು ಸಾವಿರದ ಮುನ್ನೂರ ಹನ್ನೆರಡು”. ಆ ಕೂಡಲೇ ಕಾಗದದ ಮೇಲೆ ಪೆನ್ನು ಗೀರಿದ ಸದ್ದು. ಆಮೇಲೆ ದೂರದಿಂದ ಕಾಕ, “ಉಂಟು”. ಮತ್ತೆ ನಂಬರು, ಮತ್ತೆ ಪೆನ್ನು, ಮತ್ತೆ “ಉಂಟು”. ಮೂರು ಸಲ ಕೇಳಿದ ಮೇಲೆ ನನಗೆ ಹೊಳೆಯಿತು. ಪೆನ್ನಿನ ಸದ್ದು ಮೊದಲು, ಉತ್ತರ ಆಮೇಲೆ. ಹದಿನಾಲ್ಕು ವರ್ಷದ ಅಭ್ಯಾಸದಲ್ಲಿ ನನ್ನ ಕೈ ಯಾರಿಗೂ ಕಾಯುವುದನ್ನು ಬಿಟ್ಟುಬಿಟ್ಟಿತ್ತು. ಕೂಗುವ ಹೊತ್ತಿಗೇ ಗುರುತು ಬಿದ್ದಾಗಿರುತ್ತಿತ್ತು.

ಎರಡನೇ ದಿನದ ಧ್ವನಿಯಲ್ಲಿ ಹನ್ನೊಂದರಲ್ಲಿ ಮೊದಲನೆಯದು ಬಂತು. ನಾನು ನಂಬರು ಕೂಗಿದೆ. ಪೆನ್ನು ಗೀರಿತು. ಕಾಕ ಹುಡುಕುತ್ತಿರುವ ಸದ್ದು, ಒಂದು ಪುಸ್ತಕ ಎಳೆದದ್ದು, ಒಳಗೆ ತಳ್ಳಿದ್ದು.

“ಇಲ್ಲ ಮೇಡಂ. ಬರ್ಕೊಂಡ್ರಾ?”

“ಹೂಂ.”

ಅದು ನಾನೇ. ಒಂದಿಷ್ಟೂ ಅನುಮಾನವಿಲ್ಲದ, ನೆಮ್ಮದಿಯ ಹೂಂ. ನನಗೆ ಅದರ ನೆನಪೇ ಇಲ್ಲ. ಇವತ್ತಿಗೂ ಇಲ್ಲ. ಒಂದೊಂದನ್ನೇ ಹುಡುಕಿ ಹನ್ನೊಂದನ್ನೂ ಕೇಳಿದೆ. ಹನ್ನೊಂದು ಸಲವೂ ಅವರು ಇಲ್ಲ ಎಂದಿದ್ದರು, ಪ್ರತಿ ಸಲವೂ ಬರ್ಕೊಂಡ್ರಾ ಎಂದು ಕೇಳಿದ್ದರು, ಪ್ರತಿ ಸಲವೂ ಆ ಹೆಂಗಸು ಹೂಂ ಎಂದಿದ್ದಳು. ಎದುರಿಗೆ ಕಪಾಟುಗಳ ನಡುವೆ ಯಾರೂ ಇರಲಿಲ್ಲ, ಆದರೂ ಆ ಕಡೆ ನೋಡಲು ನನಗೆ ಮುಖವಿರಲಿಲ್ಲ. ಇಲ್ಲದ್ದನ್ನು ಇದೆ ಎನ್ನುವ ಟೂಲಿಗೆ ಬೈದು ಪುಟ ತುಂಬಿಸಿದವಳು ನಾನು.

ಕಾಗದಕ್ಕೆ ಪ್ರಿನ್ಸಿಪಾಲರ ಸಹಿ ಬಿತ್ತು, ಕಾಕನ ಕಡತದಿಂದ ಸುಳ್ಳಿನ ಆ ಮಾತು ನನ್ನ ಕಡತಕ್ಕೆ ಬಂತು, ಅವರೀಗ ಅಬುಧಾಬಿಯಲ್ಲಿದ್ದಾರೆ. ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ಮಾತ್ರ, ಕಾಗದ ಬರೆಯುವ ಮೊದಲು ನಾನು ಅವರಿಗೆ ಫೋನ್ ಮಾಡಿದೆ.

“ಕಾಕ, ನೀವು ಇಲ್ಲ ಅಂತ ಹೇಳಿದ್ರಿ. ಹನ್ನೊಂದಕ್ಕೂ ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು.”

ಅವರ ಮನೆಯ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು.

“ನನ್ಗೆ ನನ್ನ ಮೇಲೆಯೇ ಡೌಟ್ ಬಂದಿತ್ತು ಮೇಡಂ” ಎಂದರು ಕೊನೆಗೆ. “ನಿಮ್ದು ತಪ್ಪುದಿಲ್ಲ ಅಲ್ವಾ. ಹಾಗಾದ್ರೆ ನಾನೇ ಹೇಳ್ಲಿಲ್ವೋ ಏನೋ ಅಂತ. ಮನೆಯಲ್ಲಿ ಕೂಡ ಹಾಗೇ ಹೇಳಿದ್ದೆ, ನನ್ಗೇ ಮರ್ತು ಹೋಗಿರ್ಬೇಕು ಅಂತ.”

ಕೆಲಸ ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಕ್ಷಮಿಸಿ ಎಂದೆ. ಅವರು, “ಅದು ಇರ್ಲಿ. ಕಾಗದದಲ್ಲಿ ಆ ವಿಷಯ ಬರ್ಕೊಂಡ್ರಾ?” ಎಂದು ಕೇಳಿದರು.

ಹೂಂ ಎಂಬುದು ನನ್ನ ಬಾಯಿಯ ತನಕ ಬಂದಿತ್ತು. ಅದೇ ನೆಮ್ಮದಿಯ ಹೂಂ. ತುಟಿ ಬಿಗಿಹಿಡಿದು ನುಂಗಿದೆ.

“ಇಲ್ಲ ಕಾಕ, ಇನ್ನೂ ಬರೀಲಿಲ್ಲ. ಫೋನ್ ಇಡ್ಬೇಡಿ. ನೀವು ಇರುವಾಗ್ಲೇ ಬರೀತೇನೆ.”

ಬಿಳಿಯ ಹಾಳೆ ತೆಗೆದೆ. ಪಟ್ಟಿ ನೋಡಿ ಹನ್ನೊಂದರಲ್ಲಿ ಮೊದಲನೆಯ ನಂಬರು ಕೂಗಿದೆ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಎತ್ತಿ ಹಿಡಿದುಕೊಂಡು ಕಾದೆ.

“ಇಲ್ಲ ಮೇಡಂ” ಎಂದರು ಕಾಕ.

ಆಮೇಲೆ ಬರೆದೆ.