ನಾಲ್ಕೂವರೆ ಸ್ಟಾರಿನ ಹೆಲ್ಮೆಟ್

ಸಿಟ್ಟು ಬಂದರೆ ಸಂಘಮಿತ್ರಾಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅಮ್ಮಿನಬಾವಿಯ ಸರಕಾರಿ ಹೈಸ್ಕೂಲಿನಲ್ಲಿ ಹದಿನಾರು ವರ್ಷಗಳಿಂದ ಅವಳ ಕೈಯಲ್ಲಿ ವಿಜ್ಞಾನ ಕಲಿತ ಮಕ್ಕಳಿಗೆಲ್ಲ ಇದು ಗೊತ್ತಿತ್ತು. ಟೀಚರ್ ಮೆಲ್ಲಗೆ ಮಾತಾಡತೊಡಗಿದರೆಂದರೆ ಕೊನೆಯ ಬೆಂಚಿನವರೂ ತೆಪ್ಪಗೆ ಪುಸ್ತಕ ತೆಗೆಯುತ್ತಿದ್ದರು. ಅವಳ ಅಪ್ಪ ನೀಲಪ್ಪ ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದವನು. ತಾನು ಬೌದ್ಧನಾದ ವರ್ಷವೇ ಹುಟ್ಟಿದ ಮಗಳಿಗೆ ಆ ಹೆಸರಿಟ್ಟು, “ಯಾರ್ ಹೇಳಿದ್ರೂ ನಂಬಬ್ಯಾಡ, ನೀನ ತಪಾಸ್ ಮಾಡಿ ನಂಬು” ಎಂದು ಹೇಳಿಕೊಟ್ಟು ಬೆಳೆಸಿದ್ದ. ಅಪ್ಪನ ಆ ಮಾತನ್ನು ಅವಳು ಮರೆತದ್ದು ಒಂದೇ ಸಲ, ತಮ್ಮನಿಗೆ ಹೆಲ್ಮೆಟ್ ಕೊಂಡ ದಿನ.

ತಮ್ಮ ಯಲ್ಲೇಶ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ದಿನವೂ ಹೆದ್ದಾರಿಯಲ್ಲಿ ಬೈಕಿನ ಮೇಲೆ ಬರಿದಲೆಯಲ್ಲೇ ಹೋಗಿ ಬರುತ್ತಿದ್ದ. ಹೇಳಿ ಹೇಳಿ ಸಾಕಾದ ಅಕ್ಕ ಒಂದು ಭಾನುವಾರ ಫೋನಿನಲ್ಲೇ ಹುಡುಕಿ ಹೆಲ್ಮೆಟ್ ತರಿಸಿದಳು. ನಾಲ್ಕೂವರೆ ಸ್ಟಾರು, ಕೊಂಡವರ ಎರಡು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು, ಐಎಸ್‌ಐ ಗುರುತನ್ನು ಹತ್ತಿರದಿಂದ ತೆಗೆದ ದೊಡ್ಡ ಫೋಟೊ. ಯಲ್ಲೇಶ ಅದನ್ನು ತಲೆಗೇರಿಸಿ, “ಭಾಳ ಹಗುರ ಐತಿ” ಎಂದ. ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು.

ಐದನೆಯ ವಾರ ಕೆಲಸ ಮುಗಿಸಿ ಬರುವಾಗ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಬಿದ್ದ. ವೇಗವೇನೂ ಇರಲಿಲ್ಲ. ಬೈಕಿನ ಒಂದು ಕನ್ನಡಿ ಹೋಗಿತ್ತು, ಅಷ್ಟೆ. ಹೆಲ್ಮೆಟ್ ಮಾತ್ರ ತೆಂಗಿನಕಾಯಿಯ ಹಾಗೆ ಎರಡು ಹೋಳಾಗಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಜೀವ ಉಳಿಯಿತು, ಎಡಗಿವಿ ಉಳಿಯಲಿಲ್ಲ.

ತಾಯಿ ದುರಗವ್ವ ಆಸ್ಪತ್ರೆಯ ವರಾಂಡದಲ್ಲಿ ಮಗಳ ಮುಖ ನೋಡದೆಯೇ ಹೇಳಿದಳು: “ನೀನ ತಂದು ಅವನ ತಲಿಗೆ ಹಾಕಿದ ಬುಟ್ಟಿ ಅದು. ಕಲತಾಕಿ ಅಂತ ನಂಬಿದ್ವಿ.” ಯಲ್ಲೇಶ ಅದನ್ನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅಕ್ಕ ಮಾತಾಡಿಸಲು ಬಂದರೆ ಕತ್ತು ಹೊರಳಿಸಿ, ಕೇಳದ ಕಿವಿಯನ್ನೇ ಅವಳತ್ತ ಮಾಡಿ ಕೂರುತ್ತಿದ್ದ.

ಸಂಘಮಿತ್ರಾ ಆ ಎರಡು ಹೋಳುಗಳನ್ನು ಶಾಲೆಯ ಪ್ರಯೋಗಾಲಯಕ್ಕೆ ಒಯ್ದಳು. ಒಳಗಿದ್ದದ್ದು ಟಿವಿ ಪೆಟ್ಟಿಗೆಯೊಳಗೆ ಬರುವಂಥ ತೆಳು ಥರ್ಮಾಕೋಲು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ಐಎಸ್‌ಐ ಗುರುತಿನ ಕೆಳಗಿದ್ದ ನಂಬರನ್ನು ಸರಕಾರದ ಆ್ಯಪಿನಲ್ಲಿ ಹಾಕಿ ನೋಡಿದಳು. ಅದು ಬೇರೆ ರಾಜ್ಯದ ಯಾವುದೋ ನೀರಿನ ಪೈಪಿನ ಕಾರ್ಖಾನೆಯದಾಗಿತ್ತು. ಆಮೇಲೆ ಆ ಎರಡು ಸಾವಿರ ಅಭಿಪ್ರಾಯಗಳನ್ನು ಒಂದೊಂದಾಗಿ ಓದತೊಡಗಿದಳು. ‘ಬಣ್ಣ ಚೆನ್ನಾಗಿದೆ, ಕ್ಯಾಮೆರಾಕ್ಕೆ ಅಡ್ಡ ಬರುವುದಿಲ್ಲ.’ ‘ಬಟನ್ನುಗಳಿಗೆ ಸರಿಯಾಗಿ ಕೂಡುತ್ತದೆ.’ ಮೊಬೈಲ್ ಕವರ್ ಮಾರುತ್ತಿದ್ದ ಪುಟ ಅದು. ಮಾರುವವನು ಕವರಿನ ಫೋಟೊ ತೆಗೆದು ಹೆಲ್ಮೆಟ್ಟಿನ ಫೋಟೊ ಹಾಕಿ, ಸ್ಟಾರುಗಳನ್ನು ಹಾಗೆಯೇ ಇಟ್ಟುಕೊಂಡಿದ್ದ. ಕೊಳ್ಳುವ ದಿನ ಅವಳು ಅಂಕಿ ನೋಡಿದ್ದಳು, ಅಕ್ಷರ ನೋಡಿರಲಿಲ್ಲ. ಅವನ ಮೇಲೆ ಬಂದ ಸಿಟ್ಟಿನಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೂ ಬಂತು.

ಬಿಲ್ಲಿನ ಮೇಲಿದ್ದ ವಿಳಾಸ ಹುಬ್ಬಳ್ಳಿಯ ದೇಶಪಾಂಡೆ ನಗರದ್ದು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಆಟದ ಸಾಮಾನಿನ ಕೋಣೆಯಿಂದ ಐದು ಕೆಜಿಯ ಕಬ್ಬಿಣದ ಗುಂಡನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಎರಡನೆಯ ಮಹಡಿಯಲ್ಲಿ ಮೂರು ಕಂಪ್ಯೂಟರು, ಸೂರಿನವರೆಗೆ ಒಟ್ಟಿದ ರಟ್ಟಿನ ಪೆಟ್ಟಿಗೆಗಳು. ಮಾಲಕ ರಮಾಕಾಂತ ನಲವತ್ತರ ಆಸುಪಾಸಿನವನು, ನಯವಾದ ಮಾತಿನವನು.

“ಬರ್ರಿ, ಕೂಡ್ರಿ” ಎಂದ. ಅವಳು ಕೂಡಲಿಲ್ಲ. ತಾನು ಯಾವ ಶಾಲೆಯ ಟೀಚರು, ತಮ್ಮನಿಗೆ ಏನಾಯಿತು ಎಂದು ಹೇಳಿ, ಹೋಳುಗಳನ್ನು ಟೇಬಲ್ಲಿನ ಮೇಲಿಟ್ಟಳು. ಅವನು ಅವನ್ನು ಮುಟ್ಟಲಿಲ್ಲ.

“ವಾಪಸ್ ಮಾಡೂ ಅವಧಿ ಮುಗದದ್ರಿ. ಆದ್ರೂ ನಿಮ್ಮ ಸಲುವಾಗಿ ರೊಕ್ಕ ವಾಪಸ್ ಹಾಕಸ್ತೇನಿ.”

“ರೊಕ್ಕ ಕೇಳಾಕ ಬಂದಿಲ್ಲ. ಈ ಐಎಸ್‌ಐ ನಂಬರ್ ಯಾರ್ ಕೊಟ್ರು?”

“ಮಾಲು ದಿಲ್ಲಿಯಿಂದ ಬರ್ತದ್ರಿ. ನಾವು ಬರೇ ಪೇಜ್ ಹಾಕ್ತೇವಿ.”

“ಮೊಬೈಲ್ ಕವರಿನ ಪೇಜಿನ್ಯಾಗ ಹೆಲ್ಮೆಟ್ ತುರುಕಿದ್ದೂ ದಿಲ್ಲಿಯವ್ರೇನು?”

ರಮಾಕಾಂತನ ಮುಖದ ನಯ ಹೋಯಿತು. “ವಿಜ್ಞಾನ ಟೀಚರ್ ಅಂತೀರಿ. ನಾಕನೂರಾ ಐವತ್ತಕ್ಕ ಜೀವ ಉಳಸೂ ಹೆಲ್ಮೆಟ್ ಬರ್ತದಂತ ಹೆಂಗ ನಂಬಿದ್ರಿ? ತಮ್ಮನ ತಲಿ ಅಷ್ಟ ಸೋವಿ ಇತ್ತೇನ್ರಿ?”

ಹದಿನೈದು ದಿನಗಳಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಅವನ ಬಾಯಲ್ಲಿ ಕೇಳಿದಾಗ ಅವಳ ದನಿ ಇನ್ನೂ ಇಳಿಯಿತು. ಮೆಲ್ಲಗೆ ಕೇಳಿದಳು, “ಕಪಾಟಿನ ಮ್ಯಾಲಿಂದು ಯಾರ ಹೆಲ್ಮೆಟ್?”

“ನಂದು.”

“ಎಲ್ಲಿ ತಗೊಂಡ್ರಿ?”

ಕಂಪ್ಯೂಟರಿನ ಮುಂದಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ಮಾಲಕನನ್ನು ನೋಡಿದಳು.

ಸಂಘಮಿತ್ರಾ ಅವನ ಹೆಲ್ಮೆಟ್ಟನ್ನು ಕೆಳಗಿಳಿಸಿ ನೆಲದ ಮೇಲಿಟ್ಟಳು. ಬಾಯಿ ತೆರೆದಿದ್ದ ಪೆಟ್ಟಿಗೆಯಿಂದ ಅವನು ಮಾರುವ ಹೆಲ್ಮೆಟ್ಟೊಂದನ್ನು ತೆಗೆದು ಪಕ್ಕದಲ್ಲಿಟ್ಟಳು. “ಏನ್ ಮಾಡ್ಲಿಕ್ಕತ್ತೀರಿ?” ಎಂದು ಅವನು ಏಳುವಷ್ಟರಲ್ಲಿ ಕುರ್ಚಿ ಹತ್ತಿ, ಅವನ ಹೆಲ್ಮೆಟ್ಟಿನ ಮೇಲೆ ಗುಂಡು ಬಿಟ್ಟಳು. ಗೀರು ಬಿತ್ತು, ಗುಂಡು ಪಕ್ಕಕ್ಕೆ ಉರುಳಿತು. ಇಳಿದು, ಗುಂಡು ಎತ್ತಿಕೊಂಡು, ಮತ್ತೆ ಹತ್ತಿ, ಎರಡನೆಯದರ ಮೇಲೆ ಬಿಟ್ಟಳು. ಅದು ಒಡೆದು ಹಂಚಿನ ಚೂರುಗಳಂತೆ ಟೇಬಲ್ಲಿನ ಕೆಳಗೆಲ್ಲ ಹರಡಿತು.

“ಪೊಲೀಸರನ್ನ ಕರೀತೇನಿ.”

“ಕರೀರಿ. ಅವರ ಮುಂದ ಇನ್ನೊಮ್ಮೆ ಬಿಡ್ತೇನಿ.”

ಅವನು ಕರೆಯಲಿಲ್ಲ. ಅವಳು ಮೆಟ್ಟಿಲು ಇಳಿಯುವಾಗ, “ಇಂಥಾವ್ರಿಗೆಲ್ಲಾ ಸರಕಾರಿ ನೌಕರಿ ಕೊಟ್ಟಿದ್ದ ತಪ್ಪು” ಎಂದು ಹಿಂದಿನಿಂದ ಹೇಳಿದ. ಹೆಸರಿನಲ್ಲೇ ಜಾತಿ ಅಳೆಯುವವರಿಂದ ಕಾಲೇಜಿನ ದಿನಗಳಿಂದ ಕೇಳುತ್ತ ಬಂದ ಮಾತು. ಅವಳು ತಿರುಗಿ ನೋಡಲಿಲ್ಲ.

ನಾಲ್ಕು ದಿನದ ಮೇಲೆ ಅಂದು ತಲೆಯೆತ್ತಿ ನೋಡಿದ್ದ ಹುಡುಗಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಹೆಸರು ಮಾನಸಿ. ಆ ಪುಟಗಳನ್ನೆಲ್ಲ ಬರೆಯುವುದು ಅವಳ ಕೆಲಸವಾಗಿತ್ತು. “ಕವರಿನ ಪೇಜಿಗೆ ಹೆಲ್ಮೆಟ್ ಹಾಕಿದ್ದು ನಾನರಿ, ಟೀಚರ್. ಹಾಕು ಅಂದ್ರು, ಹಾಕಿದೆ. ನಮ್ಮ ಅಪ್ಪಗೂ ಒಂದು ಒಯ್ದು ಕೊಟ್ಟಿದ್ದೆ. ಅವತ್ತ ಮನಿಗೆ ಹೋದಕೂಡ್ಲೇ ಅದನ್ನ ತಿಪ್ಪಿಗೆ ಹಾಕಿದೆ” ಎಂದು ಕಾಗದದ ಕಟ್ಟೊಂದನ್ನು ಚಾಚಿದಳು. ರಮಾಕಾಂತ ಅವಳಿಗೆ ಕಳಿಸಿದ್ದ ಸಂದೇಶಗಳ ಪ್ರತಿಗಳು ಅವು: ಯಾವ ಪುಟಕ್ಕೆ ಯಾವ ಮಾಲು, ಯಾವ ನಂಬರು.

“ನಿಮ್ಮ ಅಪ್ಪನ ತಲಿ ನೆನಪಾಗೂತನಕ ಮಂದಿ ತಲಿ ಕಾಣಲಿಲ್ಲ, ಹೌದಲ್ಲ?” ಎಂದಳು ಸಂಘಮಿತ್ರಾ.

“ಕಾಣಲಿಲ್ರಿ” ಎಂದಳು ಮಾನಸಿ. ಕಾಗದ ಕೊಟ್ಟು ಹೋದಳು. ಕರೆದು ಒಂದು ಲೋಟ ನೀರು ಕೊಡಬೇಕೆಂದೂ ಸಂಘಮಿತ್ರಾಳಿಗೆ ಅನ್ನಿಸಲಿಲ್ಲ.

ಗ್ರಾಹಕರ ಆಯೋಗದಲ್ಲಿ ವಕೀಲರಿಲ್ಲದೆ ತಾನೇ ವಾದಿಸಿದಳು. ಹದಿನಾಲ್ಕು ತಿಂಗಳು ನಡೆಯಿತು. ತಮ್ಮನ ಸಾಕ್ಷಿ ಬೇಕಿತ್ತು. ಕೇಳಿದಾಗ ಯಲ್ಲೇಶ ಮೊದಲ ಸಲ ಬಾಯಿಬಿಟ್ಟ. “ನನ್ನ ಕಿವಿ ತೋರ್ಸಿ ನಿನ್ನ ತಪ್ಪು ತೊಳಕೋತೀಯೇನು?” ಅದರಲ್ಲಿ ಖರೇ ಎಷ್ಟಿದೆಯೆಂದು ಅವಳಿಗೆ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ಆದರೆ ವಿಚಾರಣೆಯ ಕೊನೆಯ ದಿನ ಅವನೇ ಬಂದು ಆಯೋಗದ ಬಾಗಿಲಲ್ಲಿ ನಿಂತ. ಹೆಲ್ಮೆಟ್ಟಿನ ಪಟ್ಟಿ ಹಾಕಿರಲಿಲ್ಲವೆಂದೇ ಪೆಟ್ಟಾಯಿತೆಂದು ರಮಾಕಾಂತನ ವಕೀಲರು ವಾದಿಸಿದ್ದರು. ಅದನ್ನೇ ಅವನನ್ನೂ ಕೇಳಿದರು.

“ಈ ಕಡೆ ಬಂದು ಕೇಳ್ರಿ. ಆ ಕಡೆ ಕೇಳಾಂಗಿಲ್ಲ” ಎಂದ ಯಲ್ಲೇಶ. ವಕೀಲರು ಎದ್ದು ಬಲಗಡೆಗೆ ಬಂದು ಮತ್ತೆ ಕೇಳಿದರು. “ಪಟ್ಟಿ ಹಾಕಿದ್ದೆ. ಆಸ್ಪತ್ರ್ಯಾಗ ಕತ್ತರಿಲೆ ಕೊಯ್ದು ತಗದಾರ. ಡಾಕ್ಟರ್ ಚೀಟ್ಯಾಗ ಬರದಾರ, ಓದ್ಕೋರಿ.” ಅಷ್ಟು ಹೇಳಿ, ಅಕ್ಕನ ಮುಂದೆಯೇ ಹಾದು, ಅವಳನ್ನು ನೋಡದೆ ಹೊರಟುಹೋದ.

ತೀರ್ಪು ಅವಳ ಕಡೆಗಾಯಿತು. ಹೆಲ್ಮೆಟ್ ಮಾರಿದವನೂ, ಆನ್‌ಲೈನಿನಲ್ಲಿ ಮಾರಲು ಜಾಗ ಕೊಟ್ಟ ಕಂಪನಿಯೂ ಪರಿಹಾರ ಕೊಡಬೇಕು, ಆ ಮಾಲು ಇನ್ನು ಮಾರಕೂಡದು ಎಂದಾಯಿತು. ಪುಟ ಮಾಯವಾಯಿತು. ಎರಡೇ ತಿಂಗಳಲ್ಲಿ ಅದೇ ಫೋಟೊ ಬೇರೆ ಹೆಸರಿನ ಅಂಗಡಿಯಲ್ಲಿ ಕಾಣಿಸಿತು. ಈ ಸಲದ ಸ್ಟಾರುಗಳು ಯಾವುದೋ ಚಪ್ಪಲಿಯವು. ಅವಳು ಒಂದನ್ನು ತರಿಸಿ, ಪೆಟ್ಟಿಗೆಯ ಮೇಲಿನ ವಿಳಾಸ ದೇಶಪಾಂಡೆ ನಗರದ್ದೇ ಎಂದು ತೋರಿಸಿ, ಆದೇಶ ಮೀರಿದ್ದಾನೆಂದು ಮತ್ತೊಂದು ಅರ್ಜಿ ಹಾಕಿದಳು. ರಮಾಕಾಂತ ಫೋನ್ ಮಾಡಿದ. “ಇನ್ನೂ ಸಮಾಧಾನ ಆಗಿಲ್ಲೇನ್ರಿ ಟೀಚರ್?”

“ಇಲ್ಲ.”

ಜೈಲಾಗಬಹುದೆಂದು ತಿಳಿದಾಗ ಅವನು ಆಯೋಗದ ಮುಂದೆ ಕೈಮುಗಿದು ನಿಂತ. ಅವಳತ್ತ ಮಾತ್ರ ತಿರುಗಲಿಲ್ಲ. ದಸರೆಯ ಹೊತ್ತಿಗೆ ಅವನ ಆಫೀಸಿಗೆ ಬೀಗ ಬಿದ್ದಿತ್ತು.

ಯಲ್ಲೇಶ ಈಗ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಪರಿಹಾರದ ಹಣ ತೆಗೆದುಕೊಂಡ, ಅಕ್ಕನೊಂದಿಗೆ ಮಾತು ಮಾತ್ರ ಬೇಕಾದಷ್ಟೇ. ಸಂಘಮಿತ್ರಾ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, ಮಕ್ಕಳನ್ನು ಕರೆದೊಯ್ಯಲು ಬರುವವರ ಹೆಲ್ಮೆಟ್ ತಿರುವಿ ನೋಡುತ್ತಾಳೆ. ಕೆಲವರು ಬೈದುಕೊಳ್ಳುತ್ತಾರೆ. ಮೊನ್ನೆ ಒಬ್ಬಾತ, “ನಮ್ಮ ತಲಿ ಉಸಾಬರಿ ನಿಮಗ್ಯಾಕ್ರಿ?” ಎಂದು ಜಗಳಕ್ಕೇ ನಿಂತ. ಅವಳು ಅವನ ಹೆಲ್ಮೆಟ್ಟನ್ನು ಅವನ ಕೈಗೇ ಕೊಟ್ಟು, ತನ್ನ ಫೋನಿನ ಆ್ಯಪ್ ತೆರೆದು ಹಿಡಿದು, “ನಂಬರ್ ಓದ್ರಿ” ಎಂದಳು. ಅವನು ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಹೆಲ್ಮೆಟ್ಟನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಅಂಕಿ ಓದತೊಡಗಿದ.