ಗ್ರಾಫಿಕ್ಸ್ ಕಾರ್ಡಿಗೆ ಪಂಕ್ಚರ್ ಅಂಗಡಿಯ ಗಾಳಿ

ನಮ್ಮ ಮನೆಯ ಸದ್ದುಗಳಲ್ಲಿ ನನಗೆ ಅನುಕರಿಸಲು ಬಾರದ್ದು ಒಂದೇ ಒಂದಿತ್ತು. ಕುಕ್ಕರಿನ ಸೀಟಿ, ಹಿತ್ತಲ ಬಾಗಿಲಿನ ಕಿರುಗುಟ್ಟುವಿಕೆ, ಮಂದ್ರದಲ್ಲಿ ಹುಟ್ಟಿ ತಾರಕಕ್ಕೇರಿ ಕೊನೆಗೆ ‘ಶಿವನೇ’ ಎಂಬಲ್ಲಿ ಬಂದು ಕೂರುವ ಅಣ್ಣನ ಆಕಳಿಕೆ, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರು ನಮ್ಮ ಸವದತ್ತಿಯ ಮನೆಯ ಮುಂದಿನ ಏರಿನಲ್ಲಿ ಗೇರು ಬದಲಿಸುವಾಗ ಬಿಡುವ ನಿಟ್ಟುಸಿರು, ಇವೆಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿವೆ. ವೈನಿಯ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಮಾತ್ರ ನನಗೆ ದಕ್ಕಿರಲಿಲ್ಲ, ಏಕೆಂದರೆ ಅದು ಸದ್ದೇ ಮಾಡುತ್ತಿರಲಿಲ್ಲ. ಸದ್ದು ಮಾಡದವರನ್ನು ಅಣಕಿಸುವ ವಿದ್ಯೆ ನನಗಿನ್ನೂ ಸಿದ್ಧಿಸಿಲ್ಲ. ಒಂದು ಶನಿವಾರ ಮುಂಜಾನೆ ಅದು ಬಾಯಿಬಿಟ್ಟಿತು: ‘ಕರ್ರ್… ಟಿಕ್, ಟಿಕ್… ಕರ್ರ್…’ ಎರಡನೆಯ ಸಲ ಕೇಳುವಷ್ಟರಲ್ಲಿ ನಾನು ಅದನ್ನು ಕಲಿತಿದ್ದೆ. ಮೂರನೆಯ ಸಲಕ್ಕೆ ಹೆದರಿಕೆ ಹತ್ತಿತು.

ಹೆದರಿಕೆಯ ಕಾರಣ ತಿಳಿಯಬೇಕಾದರೆ ಎರಡು ಪರಿಚಯಗಳಾಗಬೇಕು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ರಾಮದುರ್ಗದ ಹೆಣ್ಣುಮಗಳು, ಯಾರ್‍ಯಾರದೋ ಕೈಕೆಳಗೆ ಐದು ವರ್ಷ ಮನೆಗಳ ನಕ್ಷೆ ತೆಗೆದು, ಈಗ ಮೊದಲ ಬಾರಿಗೆ ಸ್ವಂತ ಹೆಸರಿನಲ್ಲಿ ಒಂದು ಕೆಲಸ ಹಿಡಿದಿದ್ದಳು. ರಾಮದುರ್ಗದ ಕಾಳಿನ ವ್ಯಾಪಾರಿಯೊಬ್ಬರು ಕಟ್ಟಿಸಲಿರುವ ಮನೆಯನ್ನು, ಪಾಯ ತೋಡುವ ಮೊದಲೇ, ಕಂಪ್ಯೂಟರಿನ ತೆರೆಯ ಮೇಲೆ ಕಟ್ಟಿ, ಅವರನ್ನು ಪಡಸಾಲೆಯಿಂದ ದೇವರಮನೆಯವರೆಗೆ ನಡೆಸಿ ತೋರಿಸಬೇಕು. ಸೋಮವಾರ ಅವರು ಬರುವವರಿದ್ದರು. ಹಿಡಿಸದಿದ್ದರೆ ಬೆಳಗಾವಿಯಲ್ಲಿ ಎಂಜಿನಿಯರುಗಳಿಗೇನು ಬರಗಾಲವೇ ಎಂಬ ಮಾತನ್ನು ಅವರು ನಗುನಗುತ್ತಲೇ ಹೇಳಿಯೂ ಹೋಗಿದ್ದರು. ಇನ್ನು ಗ್ರಾಫಿಕ್ಸ್ ಕಾರ್ಡ್ ಎಂಬುದು ಕಂಪ್ಯೂಟರಿನ ಹೊಟ್ಟೆಯಲ್ಲಿ ಕುಳಿತು ತೆರೆಯ ಮೇಲಿನ ಚಿತ್ರಗಳನ್ನೆಲ್ಲ ಬರೆದುಕೊಡುವ, ಇಟ್ಟಿಗೆಯಷ್ಟು ದಪ್ಪದ, ಮುಂಗೋಪಿ ಕಲಾವಿದ. ದುಡಿದಂತೆಲ್ಲ ಕಾಯುತ್ತಾನೆ, ಕಾದವನಿಗೆ ಚಾಮರ ಬೀಸಲು ಅವನ ಮೈಮೇಲೆಯೇ ಅಂಗೈಯಗಲದ ಎರಡು ಫ್ಯಾನುಗಳಿವೆ. ಸೇವೆ ನಿಂತರೆ ತೆರೆಯನ್ನು ಕಪ್ಪು ಮಾಡಿ ಮಲಗುತ್ತಾನೆ. ಎಬ್ಬಿಸಿ ಎಬ್ಬಿಸಿ ದುಡಿಸಿದರೆ ಒಂದು ದಿನ ಏಳುವುದೇ ಇಲ್ಲ. ನಮ್ಮವನು ವಯಸ್ಸಾದವನು ಬೇರೆ. ವೈನಿ ಅವನನ್ನು ಕೊಂಡದ್ದೇ ಇನ್ನೊಬ್ಬರು ಬಳಸಿ ಬಿಟ್ಟ ಮೇಲೆ.

ಇಷ್ಟಕ್ಕೇ ಕತೆ ನಿಂತಿದ್ದರೆ ನಾನು ನಿರಪರಾಧಿ. ಆದರೆ ಓದುಗರೇ, ನಿಮ್ಮೆದುರು ಮುಚ್ಚಿಟ್ಟು ಪ್ರಯೋಜನವಿಲ್ಲ. ಗುರುವಾರ ವೈನಿ ತವರಿಗೆ ಹೋಗಿದ್ದಳು. ಡಿಗ್ರಿ ಮುಗಿಸಿ, ನೌಕರಿಯ ಅರ್ಜಿ ತುಂಬುವುದನ್ನೇ ನೌಕರಿಯಾಗಿಸಿಕೊಂಡಿರುವ ನನಗೆ ಉಪಕಾರ ಮಾಡುವ ಹುಕ್ಕಿ ಬಂತು. ಕಂಪ್ಯೂಟರಿನ ಮುಚ್ಚಳ ತೆಗೆದು ನೋಡಿದರೆ, ಗುಡ್ಡಕ್ಕೆ ಹೋಗುವವರು ತೂರಿದ ಭಂಡಾರದ ಅರಿಸಿನವು ನಮ್ಮ ಕಿಟಕಿಯಿಂದ ಬಂದು ಆ ಕಾರ್ಡಿನ ಸಂದುಸಂದುಗಳಲ್ಲೆಲ್ಲ ಹಳದಿಯಾಗಿ ಕುಳಿತಿತ್ತು. ಬಾಯಿಂದ ಊದಿದೆ, ಅದು ನನ್ನ ಕಣ್ಣಿಗೇ ಬಂತು. ಆಗ ಹೊಳೆಯಿತು ನೋಡಿ ಆ ಮಹದ್ವಿಚಾರ: ಪಂಕ್ಚರ್ ಅಂಗಡಿ. ಕಾರ್ಡನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ ಒಯ್ದೆ. ಅಂಗಡಿಯವನು ಎರಡು ಫ್ಯಾನುಗಳನ್ನೂ ಗಂಭೀರವಾಗಿ ಪರೀಕ್ಷಿಸಿ ಕೇಳಿದ:

“ಇದರಾಗ ಮುಂದಿನ ಗಾಲಿ ಯಾವುದು, ಹಿಂದಿನ ಗಾಲಿ ಯಾವುದು?”

“ಎರಡಕ್ಕೂ ಸಮಾ ಹೊಡಿ,” ಎಂದೆ.

ಹೊಡೆದ. ಲಾರಿಯ ಟಯರು ಉಬ್ಬಿಸುವ ಗಾಳಿಗೆ ಆ ಪುಟ್ಟ ರೆಕ್ಕೆಗಳು ಹುಟ್ಟಿದಾರಭ್ಯ ತಿರುಗದ ವೇಗದಲ್ಲಿ ತಿರುಗಿ ‘ಊಂಯ್ಞ್ಞ್’ ಎಂದು ಚೀರಿದವು. ಬೆರಳಿಟ್ಟು ಅವನ್ನು ತಡೆಹಿಡಿಯಬೇಕೆಂಬ ಜ್ಞಾನ ನನಗಿರಲಿಲ್ಲ. ನನಗೋ ಆನಂದ! ಅವುಗಳ ಶ್ರುತಿ ಹಿಡಿದು ನಾನೂ ‘ಊಂಯ್ಞ್ಞ್’ ಎಂದು ಜುಗಲಬಂದಿಗೆ ನಿಂತೆ. ಗಾಳಿ ತುಂಬಿಸಲು ಬಂದ ಇಬ್ಬರು ಚಪ್ಪಾಳೆ ತಟ್ಟಿದರು. ನನ್ನ ಆಯುಷ್ಯದ ಅನಾಹುತಗಳೆಲ್ಲ ಹೀಗೆ ಚಪ್ಪಾಳೆಯಿಂದಲೇ ಆರಂಭವಾಗುತ್ತವೆ.

ಕಾರ್ಡನ್ನು ಮರಳಿ ಕೂರಿಸಿ, ಯಾರಿಗೂ ಹೇಳದೆ ಸುಮ್ಮನಿದ್ದೆ. ಶನಿವಾರ ವೈನಿ ಕೆಲಸಕ್ಕೆ ಕುಳಿತಾಗ ‘ಕರ್ರ್’ ಶುರುವಾಗಿ ಅರ್ಧ ತಾಸಿಗೆ ತೆರೆ ಕಪ್ಪಾಯಿತು. ಆರಲು ಬಿಟ್ಟು ಮತ್ತೆ ಹಚ್ಚಿದರೆ ಮತ್ತೆ ಕಪ್ಪು. ವೈನಿ ಕೂಗಾಡಿದ್ದರೆ ನಾನು ಅವಳ ಕೂಗನ್ನೇ ಅಣಕಿಸಿ ಪಾರಾಗುತ್ತಿದ್ದೆ. ಅವಳು ಕೂಗಾಡಲಿಲ್ಲ. “ಸೋಮವಾರ ಅವರಿಗೆ ಏನ್ ತೋರಿಸ್ಲೋ ಬಸು, ಈ ಕರೀ ಪರದೀನ?” ಎಂದವಳು, “ನೀನ ಏನರ ಮಾಡು. ಮನ್ಯಾಗ ಇದೆಲ್ಲಾ ತಿಳಿಯೂದು ನಿನಗೊಬ್ಬಗ,” ಎಂದಳು. ಬೈಗುಳಕ್ಕೆ ನನ್ನ ಚರ್ಮ ಪಳಗಿದೆ, ವಿಶ್ವಾಸಕ್ಕೆ ಪಳಗಿಲ್ಲ. ಸವದತ್ತಿಯ ಕಂಪ್ಯೂಟರ್ ಅಂಗಡಿಯವರು ಕಾರ್ಡನ್ನು ಮುಟ್ಟದೆಯೇ, “ಇದರ ಫ್ಯಾನು ಈಗ ಬರೂದಿಲ್ರಿ, ಹೊಸಾ ಕಾರ್ಡ ತಗೋರಿ,” ಎಂದರು. ಆನ್‌ಲೈನಿನಲ್ಲಿ ತರಿಸೋಣವೆಂದರೆ ಬುಧವಾರ ಬರುತ್ತದಂತೆ; ಬಂದರೂ ಅದರ ಸ್ಕ್ರೂ ತೂತುಗಳು ನಮ್ಮ ಕಾರ್ಡಿಗೆ ಕೂಡುವ ಭರವಸೆಯಿಲ್ಲ. ಉಳಿದದ್ದು ಒಂದೇ ದಾರಿ, ಮತ್ತು ಆ ದಾರಿಯಲ್ಲಿ ನಾನು ಮೂರು ತಿಂಗಳಿಂದ ಕಾಲಿಟ್ಟಿರಲಿಲ್ಲ. ಅದು ಪಕ್ಕದ ಉಗರಗೋಳದ ದಾವಲಮಾಮಾನ ಮೋಟಾರ್ ವೈಂಡಿಂಗ್ ಅಂಗಡಿಯ ದಾರಿ.

ಹೊಲದ ಪಂಪಿನ ಮೋಟಾರು, ಸೀಲಿಂಗ್ ಫ್ಯಾನು, ಗುಡ್ಡದ ಕೆಳಗಿನ ಜ್ಯೂಸ್ ಅಂಗಡಿಗಳ ಮಿಕ್ಸರು, ತಿರುಗುವಂಥದು ಯಾವುದು ನಿಂತರೂ ಅದನ್ನು ಮತ್ತೆ ತಿರುಗಿಸುವವನು ದಾವಲಮಾಮಾ. ಅವನ ಪದ್ಧತಿಯೊಂದಿದೆ. ತಿರುಗುವ ಯಂತ್ರಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ಮೊನೆ ಹಚ್ಚಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, “ಹಾಂ… ಹೇಳ್ತೈತಿ, ಹೇಳ್ತೈತಿ,” ಎನ್ನುತ್ತಾನೆ. ಆಮೇಲೆ ರೋಗದ ಹೆಸರು ಹೇಳುತ್ತಾನೆ. ಮೂರು ತಿಂಗಳ ಹಿಂದೆ, ನಮ್ಮ ಓಣಿಯವರು ಹಾಡು, ನಾಟಕವೆಂದು ಕೂಡುವ ಗ್ಯಾದರಿಂಗಿನಲ್ಲಿ, ನಾನು ಇದನ್ನೇ ಅಭಿನಯಿಸಿದೆ: ಸ್ಕ್ರೂಡ್ರೈವರ್ ಹಿಡಿದು ಒಬ್ಬೊಬ್ಬರ ಹಣೆಗೂ ಹಚ್ಚಿ “ಇಂವಂದು ಬೇರಿಂಗ್ ಹೋಗೇತಿ!” ಎಂದು ಸಾರಿದೆ. ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಸಾಲಿನಲ್ಲಿ ಒಬ್ಬನು ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದ. ದಾವಲಮಾಮಾ.

ಅಣಕಿಸುವವನಿಗೆ ಕತ್ತಲೆಯ ಭಯವಿಲ್ಲ, ದೆವ್ವದ ಭಯವಿಲ್ಲ. ನಗು ನಿಲ್ಲುವ ಭಯವೊಂದಿದೆ. ಏಳನೆಯ ಇಯತ್ತೆಯಲ್ಲಿ ನಮ್ಮ ಡ್ರಿಲ್ ಮಾಸ್ತರರ ನಡಿಗೆಯನ್ನು ನಾನು ಬೋರ್ಡಿನ ಮುಂದೆ ನಡೆದು ತೋರಿಸುತ್ತಿದ್ದಾಗ, ಐವತ್ತು ಹುಡುಗರ ನಗು ಕರೆಂಟು ಹೋದಂತೆ ಒಮ್ಮೆಲೇ ನಿಂತಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಬೆನ್ನಿನ ಹಿಂದಿನ ಆ ನಿಶ್ಶಬ್ದದ ಆಕಾರವೇ ಡ್ರಿಲ್ ಮಾಸ್ತರರಷ್ಟು ಎತ್ತರ, ಅವರಷ್ಟೇ ಅಗಲ ಇತ್ತು. ಮುಂದಾದದ್ದು ನನ್ನ ಅಂಗೈಗೆ ಗೊತ್ತು. ಅಂದಿನಿಂದ ಯಾವುದೇ ಸದ್ದು ಅಕಸ್ಮಾತ್ ನಿಂತರೂ ನನ್ನ ಬೆನ್ನು ತಾನಾಗಿ ಸೆಟೆಯುತ್ತದೆ.

ಭಾನುವಾರ ಬೆಳಿಗ್ಗೆ ಕಾರ್ಡನ್ನು ವೈನಿಯ ರೊಟ್ಟಿ ಡಬ್ಬಿಯಲ್ಲಿ ಮಲಗಿಸಿ, ಸ್ಕೂಟರನ್ನು ಎತ್ತಿನ ಗಾಡಿಯ ವೇಗದಲ್ಲಿ ಓಡಿಸುತ್ತ, ತಗ್ಗು ಕಂಡಲ್ಲೆಲ್ಲ ಇಳಿದು ನೂಕುತ್ತ ಉಗರಗೋಳ ಮುಟ್ಟಿದೆ. ಅಂಗಡಿಯಲ್ಲಿ ಮಿಕ್ಸರ್ ಹಿಡಿದುಕೊಂಡ ಹೆಂಗಸೊಬ್ಬಳು ಕಾಯುತ್ತಿದ್ದಳು. ಮಾಮಾ ತಲೆಯೆತ್ತಿದ.

“ಬಾರಪಾ ಕಲಾವಿದ, ಕುಂದ್ರು.”

ಕುಳಿತೆ. ಡಬ್ಬಿ ತೆರೆದು, “ಮಾಮಾ, ಫ್ಯಾನು ಸಪ್ಪಳ ಮಾಡಾಕ ಹತ್ತೈತ್ರಿ,” ಎಂದೆ.

ಮಾಮಾ ನನ್ನ ತುಟಿಗಳನ್ನೇ ನೋಡುತ್ತಿದ್ದ. “ಎಂಥಾ ಸಪ್ಪಳ?”

ಕಂಪ್ಯೂಟರು ಮನೆಯಲ್ಲಿ, ಕಾರ್ಡು ಡಬ್ಬಿಯಲ್ಲಿ. ಸದ್ದು ಎಲ್ಲಿಂದ ತರಲಿ? “ಕರ್ರ್…” ಎಂದೆ. ಹೆದರಿದ ಗಂಟಲಿನಿಂದ ಅದು ಹಲ್ಲಿಯ ಲೊಚಗುಟ್ಟಿನಷ್ಟು ಹೊರಬಂತು.

“ಹಂಗಲ್ಲ,” ಎಂದ ಮಾಮಾ ಎದ್ದ. ಗೋಡೆಯ ಮೊಳೆಯಿಂದ ಆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು, ಎಡಗೈಯಿಂದ ನನ್ನ ಗದ್ದ ಹಿಡಿದೆತ್ತಿ, ಅದರ ಮೊನೆಯನ್ನು ನನ್ನ ದವಡೆಗೆ ಹಚ್ಚಿದ. ತಣ್ಣಗಿತ್ತು. ನಾನು ಮನಸ್ಸಿನಲ್ಲಿಯೇ ಎಲ್ಲಮ್ಮನಿಗೆ ಏನೇನೋ ಹರಕೆ ಹೊತ್ತೆ. ಮಾಮಾ ಹಿಡಿಕೆಯನ್ನು ಕಿವಿಯ ಹಿಂದೆ ಒತ್ತಿಕೊಂಡು ಕಣ್ಣು ಮುಚ್ಚಿದ.

“ಈಗ ಮಾಡು.”

ಮಾಡಿದೆ. ಪ್ರಾಣವನ್ನೆಲ್ಲ ದವಡೆಗೆ ತಂದು, ಕರ್ರ್ ಎಂದೆ, ಟಿಕ್ ಟಿಕ್ ಎಂದೆ. ಮಿಕ್ಸರಿನವಳು, “ಮಾಮಾ, ನಮ್ಮ ಮಿಕ್ಸರ್ ಸಪ್ಪಳಾನೂ ಇಂವನ ಕಡೆ ಮಾಡಸ್ರಿ, ಮಷೀನ ಹೊತಗೊಂಡ ಬರೂದರ ತಪ್ಪತೈತಿ,” ಎಂದು ಸೆರಗಿನಲ್ಲಿ ನಕ್ಕಳು.

“ಹಾಂ… ಹೇಳ್ತೈತಿ,” ಎಂದ ಮಾಮಾ. “ಎರಡು ಸಪ್ಪಳ ಅದಾವು. ಕರ್ರ್ ಅನ್ನೂದು ಬೇರಿಂಗ್. ಟಿಕ್ ಅನ್ನೂದು ತಂತಿ, ರೆಕ್ಕಿಗೆ ಬಡಿಯಾಕ ಹತ್ತೈತಿ.” ಕಾರ್ಡನ್ನೆತ್ತಿ ಬೆರಳಿನಿಂದ ರೆಕ್ಕೆಗಳನ್ನು ಅಲುಗಿಸಿದ. ಒಂದು ಫ್ಯಾನು ಹಾಲುಹಲ್ಲಿನಂತೆ ಓಲಾಡಿತು. ಇನ್ನೊಂದು ಗಟ್ಟಿಯಾಗಿತ್ತು, ಅದರ ತಂತಿ ಮಾತ್ರ ಸಂದಿನಿಂದ ಹೊರಗೆ ಎದ್ದಿತ್ತು. “ಗಾಳಿ ಹೊಡಿಸಿಯೇನು?”

ನಾನು ರೊಟ್ಟಿ ಡಬ್ಬಿಯ ಮುಚ್ಚಳ ನೋಡತೊಡಗಿದೆ. ಸ್ಕ್ರೂಡ್ರೈವರ್ ಮತ್ತೆ ದವಡೆಗೆ ಬಂತು.

“ಬಾಯಿ ಮುಚ್ಚಿದ್ರೇನಾತು, ಎಲುಬು ನಡಗಾಕ ಹತ್ತೈತಲ್ಲ,” ಎಂದ.

ಸ್ಕ್ರೂಡ್ರೈವರ್ ದವಡೆಯ ಮೇಲೆ ಹಾಗೆಯೇ ಇದ್ದಾಗ ಅವನು ಇನ್ನೊಂದು ಮಾತು ಕೇಳಿದ. ನಾನು ಮೂರು ತಿಂಗಳಿಂದ ಹೆದರಿದ್ದು ಅದಕ್ಕೇ. “ಅವತ್ತ ಗ್ಯಾದರಿಂಗಿನ್ಯಾಗ ನನ್ನ ಮಾಡಿದೆಲ್ಲ, ಅದನ್ನ ಮಾಡು.”

“ತಪ್ಪಾತ್ರಿ ಮಾಮಾ.”

“ತಪ್ಪಿಂದ ಕೇಳಿಲ್ಲ. ಸಣ್ಣಾಂವಿದ್ದಾಗ ಕಿವಿ ಸೋರಿ ಸೋರಿ ಹ್ವಾದೂವು. ಗಾಳ್ಯಾಗಿನ ಮಾತು ಅರ್ಧಾ ಮುರ್ಧಾ. ಎಲುಬಿಗೆ ಹತ್ತಿದ್ರ ಪೂರಾ. ಅವತ್ತ ಎಲ್ಲಾರೂ ನಕ್ಕರು. ನೀ ಏನಂದಿ ನನಗ ಕೇಳಲಿಲ್ಲ. ಮಾಡು.”

ಅವನ ಪದ್ಧತಿಯೆಂದು ನಾನು ಆಡಿ ತೋರಿಸಿದ್ದು ಅವನ ಕೇಳದ ಕಿವಿಯನ್ನು. ವರ್ಷಗಟ್ಟಲೆ ಅವನ ದನಿಯನ್ನು ಕೇಳಿ, ಹದ ಮಾಡಿ, ರಂಗಕ್ಕೆ ತಂದ ನನಗೆ ಅವನು ನಮ್ಮ ತುಟಿ ನೋಡಿ ಮಾತಾಡುತ್ತಾನೆಂಬುದು ಕಂಡಿರಲಿಲ್ಲ. ಎದೆ ಬಡಿಯುತ್ತಿತ್ತು, ಆ ಬಡಿತವೂ ಕಬ್ಬಿಣದಗುಂಟ ಅವನಿಗೆ ತಲುಪುತ್ತಿದ್ದಿರಬೇಕು. ಮಾಡಿದೆ: “ಹಾಂ… ಹೇಳ್ತೈತಿ, ಹೇಳ್ತೈತೀ…”

ಮಾಮಾ ಕಣ್ಣು ತೆರೆದ. ಖಂಡಿತವಾಗಿ ಹೇಳಿದ: “ಸುಳ್ಳ. ನಾ ಹಂಗ ಮಾತಾಡೂದಿಲ್ಲ.”

“ಥೇಟ್ ಹಂಗ ಮಾತಾಡ್ತೀರಿ,” ಎಂದು ಮಿಕ್ಸರಿನವಳು ಒದರಿದಳು.

ಮಾಮಾ ಅವಳ ತುಟಿಯತ್ತ ನೋಡಿ, ನನ್ನತ್ತ ನೋಡಿ, “ಇನ್ನೊಮ್ಮೆ ಮಾಡು,” ಎಂದ. ಒಟ್ಟು ನಾಲ್ಕು ಸಲ ಮಾಡಿಸಿದ. ಕೊನೆಯ ಸಲ ಅವನ ಮೀಸೆಯ ಒಂದು ತುದಿ ಮೇಲೇರಿತು. “ಕಡೀಕ ಭಾಳ ಎಳೀತಿ. ನಾ ಅಷ್ಟ ಎಳಿಯಂಗಿಲ್ಲ,” ಎಂದು ತಿದ್ದಿ, ಕೆಲಸಕ್ಕೆ ಕುಳಿತ. ಮೂಲೆಯ ರಾಶಿಯಲ್ಲಿದ್ದ ಯಾವುದೋ ಸತ್ತ ಕಂಪ್ಯೂಟರಿನಿಂದ ಚೌಕನೆಯ ಫ್ಯಾನೊಂದನ್ನು ಕಿತ್ತು, ಓಲಾಡುವುದರ ಜಾಗದಲ್ಲಿ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದು, ತಂತಿಗೆ ತಂತಿ ಬೆಸೆದ. ಎದ್ದ ತಂತಿಯನ್ನು ಒಳಕ್ಕೆ ಸರಿಸಿ ಅಂಟಿಸಿದ. ಬ್ಯಾಟರಿಗೆ ಹಚ್ಚಿ ಎರಡನ್ನೂ ತಿರುಗಿಸಿ ತೋರಿಸಿ, “ಫ್ಯಾನು ನಂದು. ಚಿತ್ರ ಬರೂದು ನಿಮ್ಮ ವೈನಿ ನಸೀಬ,” ಎಂದ. ನನ್ನ ಹೆದರಿಕೆಗೆ ಹೊಸ ಬೇರಿಂಗ್ ಹಾಕಿಸಿಕೊಂಡು ಮನೆಗೆ ಬಂದೆ.

ಮಧ್ಯಾಹ್ನ ಕಾರ್ಡನ್ನು ಕೂರಿಸಿದೆ. ವೈನಿ ಹಿಂದೆ ನಿಂತು ಬಟನ್ ಒತ್ತಿದಳು. ತೆರೆ ಕಪ್ಪು. ಕರ್ರ್ ಇಲ್ಲ, ಟಿಕ್ ಇಲ್ಲ, ಏನೂ ಇಲ್ಲ. ಏಳನೆಯ ಇಯತ್ತೆಯ ಆ ನಿಶ್ಶಬ್ದ ನನ್ನ ಬೆನ್ನಿನ ಹಿಂದೆ ಬಂದು ನಿಂತಿತು. ಈ ಸಲ ಅದರ ಎತ್ತರ ವೈನಿಯಷ್ಟಿತ್ತು. ಫ್ಯಾನುಗಳು ನೆಲಮುಖವಾಗಿರುವುದರಿಂದ ತಿರುಗುತ್ತಿವೆಯೋ ಸತ್ತಿವೆಯೋ ಕಾಣುವಂತಿರಲಿಲ್ಲ. ಕೈ ತಾನಾಗಿ ಸ್ಕ್ರೂಡ್ರೈವರ್ ಹುಡುಕಿತು. ಮೊನೆಯನ್ನು ಕಂಪ್ಯೂಟರಿನ ಹೊರಗಿನ ತಗಡಿಗೆ ಹಚ್ಚಿ, ಹಿಡಿಕೆಯನ್ನು ಕಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದೆ.

“ಏ, ಈಗ್ಯಾರನ್ನ ಅಣಕಸಾಕ ಹತ್ತೀಯೋ? ಹೊತ್ತಿಲ್ಲ ಗೊತ್ತಿಲ್ಲ, ನಾಟಕ ಒಂದ!”

“ಸುಮ್ಮನಿರ್ರಿ ವೈನಿ,” ಎಂದೆ. ನಮ್ಮ ಮನೆಗೆ ಅವಳು ಬಂದ ಮೇಲೆ ಹಾಗೆ ಹೇಳುವ ಧೈರ್ಯ ಮಾಡಿದ್ದು ಅದೇ ಮೊದಲು. ಮೊದಲು ನನ್ನ ರಕ್ತದ ಸದ್ದೇ ಕೇಳಿತು. ಅದು ತಗ್ಗಿದ ಮೇಲೆ, ನಾಲ್ಕು ಹೊಲದಾಚೆ ಯಾರೋ ಪಂಪು ಹಚ್ಚಿದಂತೆ, ಒಂದು ಹೂಂಕಾರ. ಅದರ ಬದಿಗೆ ಇನ್ನೊಂದು, ಕೂದಲೆಳೆಯಷ್ಟು ಕೆಳಗಿನ ಸ್ವರದಲ್ಲಿ. ಎರಡೂ ತಿರುಗುತ್ತಿದ್ದವು. ಕಣ್ಣು ತೆರೆಯುವ ಮೊದಲೇ ವೈನಿ “ಬಂತು!” ಎಂದಳು. ಅವಳು ಮೌಸು ಒತ್ತಿದೊಡನೆ ತೆರೆಯ ಮೇಲೆ ರಾಮದುರ್ಗದ ಇನ್ನೂ ಹುಟ್ಟದ ಮನೆಯ ಪಡಸಾಲೆ ಬೆಳಗಿತು.

ಕಿವಿಗೆ ಹಿಡಿಕೆ ಹಚ್ಚಿಕೊಂಡೇ, ಅವಳ ಮುಖ ನೋಡದೆ, “ವೈನಿ, ಪಂಕ್ಚರ್ ಅಂಗಡ್ಯಾಗ ಇದಕ್ಕ ಗಾಳಿ ಹೊಡಿಸಿ ಕೆಡಿಸಿದಾಂವ ನಾನ ರೀ,” ಎಂದೆ.

“ಗೊತ್ತೈತಿ. ನಿನ್ನೆ ಸ್ಕೂಟರಿಗೆ ಗಾಳಿ ಹಾಕಸಾಕ ಹೋದಾಗ ಆ ಅಂಗಡಿಯಾಂವ ಮಾಡಿ ತೋರಿಸಿದ. ಕಣ್ಣ ಮುಚ್ಚಿ, ಕುತ್ತಿಗಿ ಚಾಚಿ, ಕ್ವಾಣ ಒದರಿದಂಗ ‘ಊಂಯ್ಞ್ಞ್’ ಅಂತ. ಥೇಟ್ ನೀನ.”

“ಸುಳ್ಳ,” ಎಂದೆ. “ನಾ ಹಂಗ ಮಾಡೂದಿಲ್ಲ.”

ಸೋಮವಾರ ವ್ಯಾಪಾರಿಯವರು ಬಂದು, ತೆರೆಯ ಮೇಲಿನ ಪಡಸಾಲೆ ದಾಟಿ, ಅಡಿಗೆಮನೆಯಲ್ಲಿ ನಿಂತು, ಒಲೆಯ ಕಟ್ಟೆಯನ್ನು ಇತ್ತ ಸರಿಸಲು ಹೇಳಿದರು. ಬೇಡವಾದ ಮನೆಯ ಒಲೆಯನ್ನು ಯಾರೂ ಸರಿಸುವುದಿಲ್ಲವಷ್ಟೆ. ವೈನಿ ಸರಿಸಿದಳು, ಕಾರ್ಡು ಕಾಯುತ್ತಿತ್ತು, ಫ್ಯಾನುಗಳು ಬೀಸುತ್ತಿದ್ದವು. ಈಗಲೂ ನಮ್ಮ ಮನೆಯ ಸದ್ದುಗಳಲ್ಲಿ ನನಗೆ ಬಾರದ್ದು ಅದೊಂದೇ, ಆದರೆ ಅದು ಹೇಗಿದೆಯೆಂದು ನನಗೆ ಗೊತ್ತು. ಅವತ್ತು ಅದು ಯಾವ ಗಳಿಗೆಗೆ ನಿಂತೀತೋ ಎಂಬ ಅಂಜಿಕೆಯಲ್ಲಿ ನಾನು ಮೇಜಿನ ಮಗ್ಗುಲಿಗೆ ಮೊಣಕಾಲೂರಿ, ತಗಡಿಗೆ ಸ್ಕ್ರೂಡ್ರೈವರ್ ಹಚ್ಚಿ, ಕಣ್ಣು ಮುಚ್ಚಿ ಕುಳಿತಿದ್ದೆ. ವ್ಯಾಪಾರಿಯವರು ಮಾತು ನಿಲ್ಲಿಸಿದ್ದು ಕೇಳಿಸಿತು.

“ಇಂವ ಏನ್ ಮಾಡಾಕ ಹತ್ಯಾನವ್ವಾ?”

“ಏನಿಲ್ರಿ,” ಎಂದಳು ವೈನಿ, “ಕೇಳಾಕ ಹತ್ಯಾನ.”