ಸಾಬೂನು ಕಾರ್ಖಾನೆಯ ಬಾಗಿಲಲ್ಲಿ ಇದಾಲಿನಾ

ಮೇ ತಿಂಗಳ ಒಂದು ಭಾನುವಾರ, ಬಿಸಿಲೇರಿದ ಮೇಲೆ, ಇದಾಲಿನಾ ಎಂದಿನಂತೆ ಸಾಲನ್ನು ದಾಟಿಕೊಂಡು ಬಾಗಿಲಿಗೆ ನಡೆದಳು. ಸಾಲಿನಲ್ಲಿ ನಿಂತಿದ್ದ ಕಪ್ಪು ಬಟ್ಟೆಯ ಹುಡುಗರು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಆತಂಕದಲ್ಲಿ ಮಾತೇ ಬಿಟ್ಟಿದ್ದರು. ಇದಾಲಿನಾಳಿಗೆ ಅಂಥ ಆತಂಕವಿರಲಿಲ್ಲ. ಬರ್ಲಿನ್ನಿನ ಸ್ಪ್ರೀ ನದಿಯ ದಂಡೆಯ ಆ ಹಳೆಯ ಸಾಬೂನು ಕಾರ್ಖಾನೆಯನ್ನು ಹಗಲೂ ರಾತ್ರಿ ಕುಣಿಯುವ ಜಾಗ ಮಾಡಿದ ವರ್ಷದಿಂದ ಅವಳು ಅಲ್ಲಿಗೆ ಬರುತ್ತಿದ್ದಳು. ಬಾಗಿಲು ಕಾಯುವ ಹೋಲ್ಗರ್ ಅವಳನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದ, ಅಷ್ಟೆ.

ಆ ದಿನ ಹೋಲ್ಗರ್ ಸರಿಯಲಿಲ್ಲ. ಬಾಗಿಲಿಗೆ ಅಡ್ಡವಾಗಿ ತೋಳು ಚಾಚಿದ.

"ಇವತ್ತು ಬೇಡ, ಇದಾಲಿನಾ."

ಇದಾಲಿನಾ ನಕ್ಕಳು. "ತಮಾಷೆ ಸಾಕು, ಕೈ ತೆಗಿ. ನೆತ್ತಿ ಸುಡ್ತಿದೆ."

ಅವನು ತೋಳು ತೆಗೆಯಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಬಾಗಿಲಲ್ಲಿ ನಿಂತಾಗ ಹೋಲ್ಗರ್ ತಮಾಷೆ ಮಾಡುವವನಲ್ಲ ಎನ್ನುವುದು ಅವಳಿಗೆ ಆಮೇಲೆ ನೆನಪಾಯಿತು. ಸಾಲಿನಲ್ಲಿದ್ದ ಒಬ್ಬ ಹುಡುಗ ಗೆಳತಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಕಪಾಳಕ್ಕೆ ಹೊಡೆಸಿಕೊಂಡವಳ ಹಾಗೆ ಅವಳು ರಸ್ತೆ ದಾಟಿ, ಎದುರಿನ ಮೋಟುಗೋಡೆಯ ಮೇಲೆ ಕುಳಿತಳು.

ಇದಾಲಿನಾ ಪೋರ್ಚುಗಲ್ಲಿನ ಸೆತೂಬಲ್‌ನವಳು. ಅವಳ ತಾಯಿಯೂ ಚಿಕ್ಕಮ್ಮಂದಿರೂ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಬೆರಳು ಸವೆಸಿದವರು. ಅವಳು ಮಾತ್ರ ಕಟ್ಟುಹಲ್ಲು ಮಾಡುವ ಕೆಲಸ ಕಲಿತು, ಬರ್ಲಿನ್ ಗೋಡೆ ಬಿದ್ದ ಹೊಸದರಲ್ಲಿ, ಒಂದು ಬೇಸಿಗೆ ಇದ್ದು ಬರೋಣವೆಂದು ಈ ಊರಿಗೆ ಬಂದಳು. ಬಂದ ವಾರವೇ ಯಾರೋ ಅವಳನ್ನು ಒಂದು ನೆಲಮಾಳಿಗೆಗೆ ಕರೆದೊಯ್ದರು. ಹಾಡಿಲ್ಲ, ಮಾತಿಲ್ಲ, ಬರೀ ಯಂತ್ರದ ಬಡಿತ. ಊರಿನಲ್ಲಾದರೆ ಒಬ್ಬಳು ಯಾರ ಜೊತೆ ಕುಣಿದಳು ಎಂಬುದು ಮರುದಿನ ಬೀದಿಗೆಲ್ಲ ಸುದ್ದಿ. ಇಲ್ಲಿ ಯಾರೂ ಯಾರ ಜೊತೆಯೂ ಕುಣಿಯುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರೇ. ಅದು ಅವಳಿಗೆ ಹಿಡಿಸಿತು. ಬೇಸಿಗೆ ಮುಗಿಯಿತು, ಅವಳು ಹೋಗಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ಹ್ಯಾಂಬರ್ಗ್‌ಗೆ ಕೆಲಸಕ್ಕೆಂದು ಹೋದ ಗಂಡ ಅಲ್ಲೇ ಉಳಿದ. ವಾರವೆಲ್ಲ ಕಂಡವರ ಬಾಯಿಗೆ ಹಲ್ಲು ಕಟ್ಟಿದ ಮೇಲೆ ಭಾನುವಾರದ ಕೆಲವು ಗಂಟೆ ಅವಳದು. ಮಗಳಿಗೆ ತಿಂಡಿ ಕೊಟ್ಟು, ಕೆಳಮನೆಯ ನೋವಾಕ್ ಅಜ್ಜಿಗೆ ಒಂದು ಕಣ್ಣಿಟ್ಟಿರಲು ಹೇಳಿ, ಕುಣಿಯುವಾಗ ಬೀಸಿಕೊಳ್ಳುವ ಬೀಸಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದಳು. ಕತ್ತಲಾಗುವ ಮೊದಲು ಮನೆ ಸೇರುತ್ತಿದ್ದಳು. ಕುಡಿತವಿಲ್ಲ, ಬೇರೆ ಚಟವಿಲ್ಲ. ತಾನು ಯಾರಿಗೂ ಏನೂ ಕಡಿಮೆ ಮಾಡಿಲ್ಲ ಎಂದೇ ಅವಳು ತಿಳಿದಿದ್ದಳು.

ಮಗಳು ದೀತಾ ಈಗ ತೆರಿಗೆ ಸಲಹೆಗಾರನೊಬ್ಬನ ಕಚೇರಿಯಲ್ಲಿ ಕೆಲಸ ಮಾಡುತ್ತ ಬೇರೆ ಮನೆ ಮಾಡಿಕೊಂಡಿದ್ದಳು. ತಾಯಿಯ ಸಂಗೀತವೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೆ. ಬಟ್ಟೆ ಒಗೆಯೋ ಮಿಷಿನ್ನಿಗೆ ಕಲ್ಲು ಹಾಕಿದ ಹಾಗಿದೆ ಎಂದು ಮೂಗು ಮುರಿಯುತ್ತಿದ್ದಳು.

ಗೋಡೆಯ ಮೇಲೆ ಕುಳಿತ ಇದಾಲಿನಾ ತಾನು ಮಾಡಿರಬಹುದಾದ ತಪ್ಪುಗಳನ್ನೆಲ್ಲ ತಡಕಾಡಿದಳು. ಒಳಗೆ ಯಾರನ್ನಾದರೂ ನೋಯಿಸಿದ್ದೇನೆಯೇ? ಹೋದ ವಾರ ಅಡ್ಡಬಂದ ಹುಡುಗನಿಗೆ ಬೀಸಣಿಗೆ ತಗುಲಿತ್ತು, ಅದಕ್ಕೇನಾದರೂ ದೂರು ಹೋಯಿತೇ? ಕೊನೆಗೆ ಬೇರೊಂದು ಯೋಚನೆ ಬಂತು. ತನಗೆ ವಯಸ್ಸಾಯಿತು, ಈ ಮುದುಕಿ ಇನ್ನು ಸಾಕು ಎಂದುಕೊಂಡಿರಬೇಕು. ಒಳಗಿನ ಬಡಿತ ಇಟ್ಟಿಗೆ ಗೋಡೆ ದಾಟಿ ಅವಳ ಅಂಗಾಲಿಗೆ ಬರುತ್ತಿತ್ತು. ಯಾರು ರೆಕಾರ್ಡು ನುಡಿಸುತ್ತಿದ್ದಾರೋ, ಅವಸರವಿಲ್ಲದ ಕೈ. ಆ ಹೊತ್ತಿನಲ್ಲೂ ಅವಳಿಗೆ ಅದು ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಬೇರೊಬ್ಬನನ್ನು ಬಾಗಿಲಿಗೆ ನಿಲ್ಲಿಸಿ ಹೋಲ್ಗರ್ ರಸ್ತೆ ದಾಟಿ ಬಂದ. ಬೆಟ್ಟದಂಥ ಆಳು. ಕಾಫಿಯ ಲೋಟವನ್ನು ಅವಳ ಪಕ್ಕದಲ್ಲಿಟ್ಟು ನಿಂತೇ ಇದ್ದ. ಅವಳು ಲೋಟ ಮುಟ್ಟಲಿಲ್ಲ. ನನ್ನನ್ನು ಕಳಿಸಿಬಿಡು ಅಂತ ಒಳಗಿನವರು ಹೇಳಿದರೋ, ಇದು ನಿನ್ನದೇ ಯೋಚನೆಯೋ ಎಂದು ಕೇಳಿದಳು.

"ಮಗಳು ಹೇಳಿದ್ಳು," ಎಂದ ಹೋಲ್ಗರ್.

"ಯಾರ ಮಗಳು?"

"ನಿಂದೇ. ಒಳಗೆ ಈಗ ನುಡಿಸ್ತಿರೋದು ದೀತಾ. ಇಲ್ಲಿ ಅವಳಿಗೆ ಇದೇ ಮೊದಲ್ನೇ ಸಲ. ಅಮ್ಮನ್ನ ಇವತ್ತೊಂದಿನ ಬಿಡಬೇಡ ಅಂದ್ಳು."

ಇದಾಲಿನಾ ಅವನ ಬಾಯನ್ನೇ ನೋಡಿದಳು. ಅವಳಿಗೆ ಗೊತ್ತಿರುವ ದೀತಾ ಭಾನುವಾರ ಹಾಸಿಗೆ ಬಿಟ್ಟೇಳುವುದೇ ಮಧ್ಯಾಹ್ನಕ್ಕೆ. ಅಂಗಾಲಿಗೆ ತಾಗುತ್ತಿದ್ದ ಬಡಿತ ಇದ್ದಕ್ಕಿದ್ದಂತೆ ಬೇರೆಯದಾಯಿತು. ಅವಳು ಕಾಲುಗಳನ್ನು ನೆಲದಿಂದ ಎತ್ತಿಕೊಂಡಳು. ಮಾತು ಹೊರಟಾಗ ಅದು ಮಗಳ ಮೇಲಲ್ಲ, ಹೋಲ್ಗರ್ ಮೇಲೆ ಹೋಯಿತು.

"ನೀನು ಅವಳ ಮಾತು ಕೇಳಿದ್ಯಾ? ಇಷ್ಟು ವರ್ಷದ ಸ್ನೇಹ ನಂದು."

"ಅವಳು ಕೇಳಿದ್ರೆ ಇಲ್ಲ ಅನ್ನಕ್ಕೆ ನಂಗಾಗಲ್ಲ."

"ಯಾಕೆ? ಅವಳು ನಿಂಗೇನಾಗ್ಬೇಕು?"

ಹೋಲ್ಗರ್ ತಲೆ ಕೆರೆದುಕೊಂಡ. ಅದನ್ನ ಅವಳನ್ನೇ ಕೇಳು ಎಂದು ಹೇಳಿ ಬಾಗಿಲಿಗೆ ಹಿಂದಿರುಗಿದ.

ದೀತಾ ಹೊರಬಂದಾಗ ನೆರಳು ಉದ್ದವಾಗಿತ್ತು. ಹೆಗಲಲ್ಲಿ ರೆಕಾರ್ಡುಗಳ ಭಾರದ ಚೀಲ, ಬೆವರಿಗೆ ಅಂಟಿದ ಕೂದಲು. ಗೋಡೆಯ ಮೇಲೆ ತಾಯಿಯನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ ಬಂದು ಪಕ್ಕದಲ್ಲಿ ಕುಳಿತಳು.

"ಇನ್ನೂ ಇಲ್ಲೇ ಇದೀಯಾ? ಮನೆಗೆ ಹೋಗಿರ್ತೀಯ ಅನ್ಕೊಂಡೆ."

ಇದಾಲಿನಾ ಯಾವಾಗಿನಿಂದ ಇದೆಲ್ಲ ಎಂದು ಕೇಳಿದಳು. ಕೆಲವು ವರ್ಷಗಳಿಂದ ಎಂದಳು ದೀತಾ. ಬೇರೆ ಊರುಗಳಲ್ಲಿ ಸಣ್ಣಪುಟ್ಟ ಜಾಗಗಳಲ್ಲಿ, ಬೇರೆ ಹೆಸರಿನಲ್ಲಿ. ಹೇಳಬೇಕೆಂದುಕೊಂಡಾಗಲೆಲ್ಲ ನಾಲಿಗೆ ಏಳುತ್ತಿರಲಿಲ್ಲವಂತೆ. ಒಳಗೆ ತಾಯಿ ಇದ್ದರೆ ಅದು ತಾಯಿಯ ಮನೆಯಾಗಿರುತ್ತಿತ್ತು, ತಾನು ನೆಂಟರ ಹುಡುಗಿಯಂತಿರುತ್ತಿದ್ದೆ ಎಂದಳು.

ಹೋಲ್ಗರ್ ಯಾಕೆ ನಿನ್ನ ಮಾತು ಮೀರಲಾರ ಎಂದು ತಾಯಿ ಕೇಳಿದಳು. ದೀತಾ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಹೇಳತೊಡಗಿದಳು.

"ನಂಗೆ ಹನ್ನೊಂದು ವರ್ಷ. ನೀನು ಹೋದ್ಮೇಲೆ ಜ್ವರ ಬಂತು. ಅಷ್ಟೊತ್ತಿಗೆ ನೋವಾಕ್ ಅಜ್ಜಿ ತಂಗಿ ಮನೆಗೆ ಹೋಗಿದ್ರು. ನೀನು ಫೋನ್ ಎತ್ತಲಿಲ್ಲ, ಅದಕ್ಕೆ ಟ್ರಾಮ್ ಹತ್ತಿ ಇಲ್ಲಿಗೇ ಬಂದೆ."

"ಇಲ್ಲಿಗಾ?"

"ಮಲಗೋ ಬಟ್ಟೆ ಮೇಲೇ ಕೋಟು ಹಾಕ್ಕೊಂಡು ಸಾಲಲ್ಲಿ ನಿಂತಿದ್ದೆ. ಹೋಲ್ಗರ್ ನೋಡ್ದ. ಒಳಗಿನ ಬಾಗಿಲ ತನಕ ಎತ್ಕೊಂಡು ಹೋಗಿ, ನಿಮ್ಮಮ್ಮ ಯಾರು ತೋರ್ಸು, ಕರೀತೀನಿ ಅಂದ. ನೀನು ಕಂಡೆ. ಕಣ್ಮುಚ್ಕೊಂಡು ಕುಣೀತಿದ್ದೆ." ದೀತಾ ತಾಯಿಯ ಕಡೆ ತಿರುಗಲಿಲ್ಲ. "ಮನೇಲಿ ನಿನ್ನ ಮುಖ ಒಂದಿನಾನೂ ಹಾಗಿರ್ಲಿಲ್ಲ, ಅಮ್ಮ. ಕರೀಬೇಡ ಅಂದೆ."

ಹೋಲ್ಗರ್ ಆ ದಿನ ಕೆಲಸ ಬಿಟ್ಟು ಅವಳನ್ನು ಟ್ಯಾಕ್ಸಿಯಲ್ಲಿ ಮನೆಗೆ ಕರೆತಂದು, ಹಣೆಗೆ ಒದ್ದೆ ಬಟ್ಟೆ ಹಾಕಿ, ನಿಂಬೆಯ ಬಿಸಿನೀರು ಕುಡಿಸಿ, ಅವಳು ಮಲಗುವವರೆಗೂ ಕೂತಿದ್ದನಂತೆ. ಅಮ್ಮನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ.

ಇದಾಲಿನಾಳಿಗೆ ಆ ಸಂಜೆ ನೆನಪಿತ್ತು. ಮನೆಗೆ ಬಂದಾಗ ಮೇಜಿನ ಮೇಲೆ ಹಿಂಡಿದ ನಿಂಬೆಹೋಳು ಇತ್ತು. ನೋವಾಕ್ ಅಜ್ಜಿ ಮಾಡಿದ್ದೆಂದುಕೊಂಡು ಮರುದಿನ ಕೇಕು ಒಯ್ದು ಕೊಟ್ಟಿದ್ದಳು. ಕಿವಿ ಮಂದವಾದ ಅಜ್ಜಿ ಏನೂ ಕೇಳದೆ ಕೇಕು ತೆಗೆದುಕೊಂಡಿತ್ತು. ಅಷ್ಟು ವರ್ಷ ಸರಾಗವಾಗಿ ನಡೆದಿದೆ ಎಂದುಕೊಂಡಿದ್ದ ತನ್ನ ಬದುಕಿನ ಒಳಗೆ ಬೇರೆಯವರು ಬಂದು ಹೋಗಿದ್ದರು, ತನಗೆ ಸುಳಿವೇ ಇರಲಿಲ್ಲ. ಕ್ಷಮಿಸು ಎನ್ನಲು ಹೊರಟವಳ ಕೈಯನ್ನು ಮಗಳು ಹಿಡಿದುಕೊಂಡಳು.

"ಬೇಡ. ನಾನು ಜಗಳಕ್ಕೆ ಹೇಳಿದ್ದಲ್ಲ. ಆ ಮುಖ ನೋಡಿದ್ಮೇಲೇ ಅಲ್ವಾ ನಾನೂ ಇದನ್ನ ಕಲ್ತಿದ್ದು."

ಮುಂದಿನ ಕೆಲವು ಭಾನುವಾರ ಇದಾಲಿನಾ ಎಲ್ಲಿಗೂ ಹೋಗಲಿಲ್ಲ. ಕೆಲಸದಲ್ಲಿ ಒಂದು ದವಡೆಯ ಅಚ್ಚನ್ನೇ ತಲೆಕೆಳಗು ಮಾಡಿ ಬೈಸಿಕೊಂಡಳು. ಒಂದು ಸಂಜೆ ಹೋಲ್ಗರ್ ಮನೆಯ ಕಡೆ ಬಂದಾಗ ಕೇಲ್ ಸೊಪ್ಪಿನ ಸಾರು ಬಡಿಸಿದಳು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಅವನು ಎರಡನೇ ಬಾರಿ ಹಾಕಿಸಿಕೊಂಡು ಉಂಡ.

ಜುಲೈಯಲ್ಲಿ ದೀತಾ ಫೋನು ಮಾಡಿ, ಈ ಭಾನುವಾರ ನನ್ನದಿದೆ, ಬಾ ಎಂದಳು. ಇದಾಲಿನಾ ಹೋದಳು. ಒಳಗೆ ಮುಂದಕ್ಕೆ ಹೋಗದೆ ಹಿಂದಿನ ಕಂಬಕ್ಕೆ ಒರಗಿ ನಿಂತಳು. ಮಗಳ ಸಂಗೀತ ಅವಳ ರುಚಿಗೆ ಸ್ವಲ್ಪ ಒಣ. ಅದನ್ನು ಆಮೇಲೆ ಮುಖಕ್ಕೇ ಹೇಳಿದಳು ಕೂಡ. ಆದರೆ ಆ ಹೊತ್ತಿನಲ್ಲಿ ಅವಳು ಕುಣಿಯದೆ ನಿಂತದ್ದು ಅದಕ್ಕಲ್ಲ. ಮಗಳು ತಲೆ ಬಾಗಿಸಿ, ಕಣ್ಣು ಮುಚ್ಚಿ, ತಿರುಗುವ ರೆಕಾರ್ಡಿನ ಮೇಲೆ ಎರಡು ಬೆರಳಿಟ್ಟು ನಿಂತಿದ್ದಳು. ಮನೆಯಲ್ಲಿ ಎಂದೂ ಕಾಣದ ಮುಖ ಅದು. ಅವಳನ್ನು ಕರೆಯಲು ಮನಸ್ಸು ಬಾರದೆ ಇದಾಲಿನಾ ಕೊನೆಯವರೆಗೂ ಹಾಗೇ ನಿಂತಿದ್ದಳು.